ನೀವು ಓದದೆ ಸಹಿ ಮಾಡಿದ ಕಾಗದ

ಗುರು ಎಂದು ಕರೆಯಲು ಬಿಡದೆ, ಅಣ್ಣ ಅಂದರೆ ಸಾಕು ಎಂದ ಶೀನಣ್ಣನಿಗೆ,

ನೀವು ಮೊದಲ ಸಲ ನಮ್ಮ ಅಂಗಡಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಿಜೈ ಬಸ್‌ಸ್ಟ್ಯಾಂಡಿನ ಎದುರಿನ ಆ ಇಕ್ಕಟ್ಟು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿ ನನಗೆ ಎರಡು ತಿಂಗಳಾಗಿತ್ತು. ಮಡಿಕೆಗಳಲ್ಲಿ ಹರಿದುಹೋದ ಒಂದು ಸಣ್ಣ ಕರಪತ್ರವನ್ನು ಶರ್ಟಿನ ಜೇಬಿನಿಂದ ತೆಗೆದು ಐವತ್ತು ಪ್ರತಿ ಬೇಕು ಅಂದಿರಿ. ಬುದ್ಧನ ಬಗ್ಗೆ ಎಂದು ಕಂಡಿತು. ನನ್ನ ಕುತ್ತಿಗೆಯ ಶಿಲುಬೆಯನ್ನು ನೋಡಿ, "ಹೆದರ್ಬೇಡ ಮಗಾ, ಮತಾಂತರದ್ದು ಎಂತ ಇಲ್ಲ ಇದ್ರಲ್ಲಿ" ಅಂದಿರಿ. "ನಾನು ಯಾವುದಕ್ಕೂ ಹೆದರುವುದಿಲ್ಲ" ಎಂದೆ. ನೀವು ನಕ್ಕು, "ಹಾಗಾದ್ರೆ ಕಷ್ಟ ಉಂಟು ಮಾರಾಯ್ತಿ" ಅಂದಿರಿ. ಯಂತ್ರ ಪ್ರತಿ ತೆಗೆಯುತ್ತಿದ್ದಾಗ ನಾನು ಒಂದನ್ನು ಓದಿದೆ. ಐವತ್ತರ ಬದಲು ಐವತ್ತೊಂದು ಮಾಡಿ ಒಂದನ್ನು ಇಟ್ಟುಕೊಂಡೆ. ಅದನ್ನು ನಿಮಗೆ ಎಂದೂ ಹೇಳಿರಲಿಲ್ಲ. ಆದರೆ ಹೇಳದೆ ಉಳಿದದ್ದು ಅದೊಂದೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಭಾನುವಾರಗಳು ನೆನಪಾಗುತ್ತವೆ. ಮಮ್ಮಿಯ ಜೊತೆ ಇಗರ್ಜಿಗೆ, ಚರ್ಚಿನ ಪೂಜೆಗೆ, ಹೋಗಬೇಕಾದ ಹೊತ್ತಿಗೆ ನಾನು ಬಸ್ ಹತ್ತಿ, ಕೂಳೂರು ಸೇತುವೆಗೆ ಮುಂಚಿನ ಸ್ಟಾಪಿನಲ್ಲಿ ಇಳಿದು ನಿಮ್ಮ ಮನೆಗೆ ಬರುತ್ತಿದ್ದೆ. ನಿಮ್ಮ ಸಿಟೌಟಿನಲ್ಲಿ ಎರಡು ಚಾಪೆ. ಹೆದ್ದಾರಿಯಲ್ಲಿ ಟ್ಯಾಂಕರುಗಳ ಸದ್ದು. ಒಳಗೆ ನಿಮ್ಮ ಅಕ್ಕ, ಗಿರಿಜಕ್ಕ, ತೆಂಗಿನಕಾಯಿ ತುರಿಯುವ ಸದ್ದು. ಕಣ್ಣು ಮುಚ್ಚಿ ಉಸಿರನ್ನು ನೋಡು ಎಂದರೆ ನನಗೆ ಕಾಯಿ ಹಾಲಿನ ವಾಸನೆಯೇ ಕಾಣುತ್ತಿತ್ತು. ಒಂದು ಗಂಟೆ ಮುಗಿದು ನಾವು ಕಣ್ಣು ಬಿಟ್ಟರೆ ಗಿರಿಜಕ್ಕ ಬಾಗಿಲಲ್ಲಿ ನಿಂತಿರುತ್ತಿದ್ದರು. "ಇಬ್ಬರದ್ದೂ ನಿದ್ದೆ ಆಯ್ತಾ? ಚಾ ತರ್ಲಾ?" ನೀವು, "ನಿದ್ದೆ ಅಲ್ಲ ಅಕ್ಕಾ, ಎಚ್ಚರ" ಎನ್ನುತ್ತಿದ್ದಿರಿ. "ಎಚ್ಚರದಲ್ಲಿ ಗೊರಕೆ ಹೊಡೆಯುವವ ನೀನೊಬ್ಬನೇ." ಮನೆಗೆ ಬಂದರೆ ಮಮ್ಮಿಯದ್ದು ಬೇರೆ. "ಇಲ್ಲಿ ಹತ್ತು ನಿಮಿಷ ಮೊಣಕಾಲೂರಿ ಜಪಸರ ಹಿಡ್ದು ತೇರ್ಸ್ ಹೇಳ್ಲಿಕ್ಕೆ ನಿಂಗೆ ಕಾಲು ನೋವು. ಅಲ್ಲಿ ಗಂಟೆಗಟ್ಟಲೆ ನೆಲದಲ್ಲಿ ಕೂತ್ಕೊಳ್ಲಿಕ್ಕೆ ಆಗ್ತದೆ, ಅಲ್ವಾ ಬಾಯೆ?" ನಾನು ಮಮ್ಮಿಗೆ ಕರಪತ್ರದ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದೆ. ದೇವರ ಭಯ, ನರಕದ ಭಯ, ದೈವದ ಭಯ, ಎಲ್ಲವೂ ಮನುಷ್ಯನನ್ನು ಬಗ್ಗಿಸುವ ಹಗ್ಗ ಎಂದು. ಮೂವತ್ತು ವರ್ಷ ನರ್ಸ್ ಆಗಿದ್ದ ಮಮ್ಮಿ ನನ್ನ ಭಾಷಣ ಮುಗಿಯುವ ತನಕ ಮೀನು ಕ್ಲೀನ್ ಮಾಡುತ್ತಾ ಇರುತ್ತಿದ್ದರು.

ಒಂದು ಭಾನುವಾರ ನಿಮ್ಮ ಕೈ ನಡುಗುವುದನ್ನು ಕಂಡು ಕೇಳಿದ್ದೆ, ವಯಸ್ಸಿನದ್ದಾ ಎಂದು. ನೀವು ಅಲ್ಲ ಅಂದಿರಿ. ಆಮೇಲೆ ನಿಮ್ಮ ಜೊತೆಗಾರ ದೂಮಣ್ಣನ ಕತೆ ಹೇಳಿದಿರಿ. ನೀವಿಬ್ಬರೂ ಲೈನ್‌ಮ್ಯಾನ್‌ಗಳು. ಕಂಬ ಹತ್ತುವ ಮೊದಲು ವಿದ್ಯುತ್ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಅಂದರೆ ಕರೆಂಟು ತೆಗೆದಿದ್ದೇವೆ ಎಂಬ ಮಾತು. ಮಾತು ಸಿಕ್ಕ ಮೇಲೂ ತಂತಿಗೆ ರಾಡ್ ತಗುಲಿಸಿ, ತಪ್ಪಿ ಬಂದ ಕರೆಂಟು ನೆಲಕ್ಕಿಳಿಯುವ ಹಾಗೆ ಅರ್ಥಿಂಗ್ ಮಾಡಬೇಕು. ಆ ಸಂಜೆ ಮಳೆ ಬರುವ ಹಾಗಿತ್ತು. ಮಾತು ಸಿಕ್ಕಿತ್ತು. ರಾಡು ಹಾಕಬೇಕಾದವರು ನೀವು. "ಹತ್ತು ಮಾರಾಯ, ಆಗ್ತದೆ" ಅಂದವರೂ ನೀವು. ಸ್ಟೇಷನ್ನಿನಲ್ಲಿ ಕರೆಂಟು ತೆಗೆದೇ ಇತ್ತು. ಆದರೆ ಅತ್ತ ಯಾರದೋ ಮನೆಯ ಜನರೇಟರು ಚಾಲೂ ಆಗಿ, ಅದರ ಕರೆಂಟು ಹಿಂದಕ್ಕೆ ಹರಿದು ಸತ್ತ ತಂತಿಗೆ ಬಂತು. ದೂಮಣ್ಣ ಕಂಬದ ಮೇಲೆಯೇ ಹೋದರು.

ಅದಾದ ಮೇಲೆ ಒಂದು ವರ್ಷ ನಿಮ್ಮಿಂದ ಏಣಿ ಹತ್ತಲೂ ಆಗಲಿಲ್ಲವಂತೆ. ರಜೆ ಹಾಕಿ ಮನೆಯಲ್ಲಿ ಕೂತಿದ್ದವರಿಗೆ ಒಂದು ದಿನ ಬಸ್ಸಿನಲ್ಲಿ ಯಾರೋ ಆ ಕರಪತ್ರ ಕೊಟ್ಟರು. ಕಣ್ಣು ಮುಚ್ಚಿ ನಂಬಬೇಡ, ಬಂದು ನೋಡು ಎಂದು ಅದರಲ್ಲಿತ್ತು. "ಅದು ನನಗೆ ಅರ್ಥಿಂಗ್ ಮಾಡು ಎಂದ ಹಾಗೆ ಕೇಳಿತು ಮಗಾ. ನಂಬಬೇಡ ಅಂತ ಅಲ್ಲ. ನಂಬದಿದ್ರೆ ಯಾರೂ ಕಂಬ ಹತ್ಲಿಕ್ಕೇ ಇಲ್ಲ. ನಂಬು, ಪರೀಕ್ಷೆ ಮಾಡು, ಮತ್ತೆ ಕೈ ಹಾಕು. ಶ್ರದ್ಧೆ ಅಂದ್ರೆ ಇಷ್ಟೇ." ನಾನು ಓದಿದ ಯಾವ ಪುಸ್ತಿಕೆಯಲ್ಲೂ ಶ್ರದ್ಧೆಯನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ. ಅಭಯದ ಬಗ್ಗೆ ಕೇಳಿದಾಗಲೂ ಹಾಗೆಯೇ. ಹೆದರಿಕೆ ಇಲ್ಲದ ಲೈನ್‌ಮ್ಯಾನ್ ಹೆಚ್ಚು ದಿನ ಬದುಕುವುದಿಲ್ಲ ಅಂದಿರಿ. ಹಾಗಾದರೆ ಅಭಯ ಎಂದರೇನು? ಅದು ನಿನ್ನೊಳಗೆ ಇಟ್ಟುಕೊಳ್ಳುವ ವಸ್ತು ಅಲ್ಲ, ಕೊಡುವ ವಸ್ತು ಅಂದಿರಿ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ನೀನು ಶೀಲ ತೆಗೆದುಕೊಂಡರೆ, ನನ್ನಿಂದ ನಿಮಗೆ ಹೆದರಿಕೆ ಬೇಡ ಎಂದು ಎದುರಿಗಿದ್ದವರಿಗೆ ಹೇಳಿದ ಹಾಗೆ.

ನಾನು ಬರೆದ ಮೊದಲ ಕರಪತ್ರವನ್ನು ನಿಮಗೆ ತೋರಿಸಿದ ದಿನ. "ಭಯವನ್ನು ಸುಡಿರಿ" ಎಂದು ತಲೆಬರಹ. ಪ್ರತಿ ಸಾಲಿನ ಕೊನೆಗೂ ಆಶ್ಚರ್ಯಸೂಚಕ. ನೀವು ಕನ್ನಡಕ ಏರಿಸಿ, ಪೆನ್ನು ತೆಗೆದು ಒಂದೊಂದೇ ಆಶ್ಚರ್ಯಸೂಚಕವನ್ನು ಹೊಡೆದು ಹಾಕಿದಿರಿ. "ಇಷ್ಟು ಕೂಗಿದ್ರೆ ಜನ ಕಿವಿ ಮುಚ್ಚಿಕೊಳ್ತಾರೆ ಮಾರಾಯ್ತಿ. ನಿನ್ನ ಧೈರ್ಯ ನೋಡಿ ಎದುರಿನವ ಹೆದರಿದ್ರೆ ಅದು ಧೈರ್ಯ ಅಲ್ಲ, ಬೆದರಿಕೆ." ನನಗೆ ಸಿಟ್ಟು ಬಂದಿತ್ತು. ಈ ಊರಿನಲ್ಲಿ ಮೆತ್ತಗೆ ಮಾತಾಡಿ ಯಾರನ್ನು ಬದಲಿಸಲು ಸಾಧ್ಯ ಎಂದು ವಾದಿಸಿದ್ದೆ. ಆಶ್ಚರ್ಯಸೂಚಕ ಇಲ್ಲದ ಕರಪತ್ರವನ್ನು ಮತ್ತೆ ಓದಿ ನೋಡಿದಾಗ ಅದರಲ್ಲಿ ಹೇಳಲಿಕ್ಕೆ ಏನೂ ಇರಲಿಲ್ಲ ಎಂದು ಗೊತ್ತಾಯಿತು. ಆದರೂ ಪಾಠ ಕಲಿತೆನೇ? ಕಲಿತಿದ್ದರೆ...

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಡಾಕ್ಟರು ಲಿವರಿನ ಬಗ್ಗೆ ಹೇಳಿದ ವಾರ ನೀವು ಅಂಗಡಿಗೆ ಬಂದಿರಿ. ಕೆನ್ನೆ ಒಳಕ್ಕೆ ಹೋಗಿತ್ತು. ಸ್ಟೂಲಿನಲ್ಲಿ ಕೂತು, ಒಂದು ಕಾಗದ ಟೈಪ್ ಮಾಡಬೇಕು, ನೀನೇ ಮಾಡು ಅಂದಿರಿ. ನೀವು ಹೇಳುತ್ತಾ ಹೋದಿರಿ, ನಾನು ಟೈಪ್ ಮಾಡುತ್ತಾ ಹೋದೆ. ಸತ್ತ ಮೇಲೆ ಬೊಜ್ಜ, ಉತ್ತರಕ್ರಿಯೆ ಎಂತದ್ದೂ ಬೇಡ. ಬುದ್ಧ, ಧಮ್ಮ, ಸಂಘಕ್ಕೆ ಮೂರು ಶರಣು ಹೇಳಿ ಸುಟ್ಟರೆ ಸಾಕು. ಅಷ್ಟಾದ ಮೇಲೆ ನೀವು ಸ್ವಲ್ಪ ಹೊತ್ತು ರಸ್ತೆಯನ್ನು ನೋಡುತ್ತಾ ಕೂತು ಇನ್ನೊಂದು ಮಾತು ಹೇಳಿದಿರಿ. "ಇದ್ರಿಂದ ಅಕ್ಕನಿಗೆ ಬೇಜಾರಾಗುದಾದ್ರೆ, ಅವಳಿಗೆ ಸಮಾಧಾನ ಆಗುವ ಹಾಗೆ ಎಂತ ಬೇಕಾದ್ರೂ ಮಾಡ್ಲಿ. ನಂಗೆ ಹೋಗುದೆಂತ ಉಂಟು?"

ಆ ಸಾಲನ್ನು ನಾನು ಟೈಪ್ ಮಾಡಲಿಲ್ಲ ಶೀನಣ್ಣ.

ಮಾಡಿದ್ದೆ. ಮಾಡಿ ಅಳಿಸಿದೆ. ಆ ಒಂದು ಸಾಲಿನಿಂದ ಇಡೀ ಕಾಗದ ಸೊಂಟ ಮುರಿದುಕೊಂಡ ಹಾಗೆ ಕಂಡಿತು. ಇಪ್ಪತ್ತು ವರ್ಷ ಶೀಲ ಪಾಲಿಸಿದ ಮನುಷ್ಯ ಕೊನೆಗೆ ಅಕ್ಕನ ಕಣ್ಣೀರಿಗೆ ಬಗ್ಗಿದ ಎಂದು ನಾಳೆ ನಾಲ್ಕು ಜನ ಹೇಳಬಾರದು ಎಂದುಕೊಂಡೆ. ಅಷ್ಟೇ ಅಲ್ಲ. ಅದರ ಜಾಗದಲ್ಲಿ ನನ್ನದೇ ಒಂದು ಸಾಲು ಸೇರಿಸಿದೆ. "ಯಾವುದೇ ಸಂದರ್ಭದಲ್ಲಿ, ಯಾರಿಂದಲೂ, ಯಾವುದೇ ರೂಪದ ಆಚರಣೆಯನ್ನು ನನ್ನ ಮೇಲೆ ನಡೆಸತಕ್ಕದ್ದಲ್ಲ." ಎಷ್ಟು ಗಟ್ಟಿಯಾದ ಸಾಲು ಎಂದು ಹೆಮ್ಮೆಪಟ್ಟೆ. ಪ್ರಿಂಟ್ ತೆಗೆದು ಕೊಟ್ಟೆ. ನಿಮ್ಮ ಕನ್ನಡಕ ಜೇಬಿನಲ್ಲೇ ಇತ್ತು. "ಓದಿ ಸಹಿ ಮಾಡಿ" ಎಂದೆ, ಬಾಯಿಮಾತಿಗೆ. "ನೀ ಟೈಪ್ ಮಾಡಿದ್ದಲ್ವಾ, ಓದುದೆಂತದ್ದು?" ಎಂದು ಸಹಿ ಮಾಡಿದಿರಿ. ದೂಮಣ್ಣ ಹೋದ ಮೇಲೆ ಒಂದು ಸ್ವಿಚ್ಚನ್ನೂ ಎರಡೆರಡು ಸಲ ನೋಡಿ ಮುಟ್ಟುತ್ತಿದ್ದವರು ನೀವು. ಪರೀಕ್ಷೆ ಮಾಡದೆ ನಂಬಿದ್ದು ನನ್ನನ್ನು ಮಾತ್ರ. ನಾನು ಸುಳ್ಳು ಹೇಳಿದೆನೇ? ಒಂದು ಮಾತೂ ಆಡಲಿಲ್ಲ. ಒಂದು ಬಟನ್ ಒತ್ತಿದೆ.

ಕಂಕನಾಡಿಯ ಆ ಆಸ್ಪತ್ರೆಯ ಕೊನೆಯ ಮಧ್ಯಾಹ್ನವನ್ನು ನಾನು ದಿನಕ್ಕೊಮ್ಮೆ ಬದುಕುತ್ತೇನೆ. ನಿಮ್ಮ ಹೊಟ್ಟೆ ಉಬ್ಬಿತ್ತು, ಕಣ್ಣು ಹಳದಿಯಾಗಿತ್ತು. ಮಾತು ತಡೆತಡೆದು ಬರುತ್ತಿತ್ತು. ಮಂಚದ ಕಾಲ ಕಡೆ ನೋಡುತ್ತಾ, "ದೂಮ ಬಂದಿದ್ದಾನೆ" ಅಂದಿರಿ. "ಅಲ್ಲಿ ಯಾರೂ ಇಲ್ಲ ಶೀನಣ್ಣ" ಎಂದೆ. "ಕೆಳಗೆ ನಿಂತಿದ್ದಾನೆ. ಹತ್ತು ಅಂತಾನೆ." ನೀವು ಹೆದರಿದ್ದಿರಿ. ನನ್ನ ಶೀನಣ್ಣ ಮಗುವಿನ ಹಾಗೆ ಹೆದರಿ ಹಾಸಿಗೆಯ ಬಟ್ಟೆಯನ್ನು ಹಿಡಿದುಕೊಂಡಿದ್ದರು. ನನಗೆ ಮರುಕ ಬರಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ, ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಧ್ಯಾನಕ್ಕೆ ಕೂತದ್ದು ಇದಕ್ಕಾ? ನೀವು ಹೀಗೆ ಹೆದರಿದರೆ ನಾನು ಯಾರನ್ನು ನೋಡಿ ನಂಬಬೇಕು? "ಅದು ಮನಸ್ಸಿನ ಚಿತ್ರ, ಬರುತ್ತದೆ, ಹೋಗುತ್ತದೆ, ಸುಮ್ಮನೆ ನೋಡಿ" ಎಂದು ನಿಮಗೆ ಪಾಠ ಹೇಳಿದೆ. ನಿಮಗೆ.

ಆಗ ಗಿರಿಜಕ್ಕ ಬಂದರು. ನಿಮ್ಮ ಮನೆತನದ ದೈವದ ಗಂಧವನ್ನು ಎಲೆಯಲ್ಲಿ ಮಡಚಿ ತಂದಿದ್ದರು. ಎರಡು ಬಸ್ ಬದಲಿಸಿ ಹೋಗಿ ತಂದದ್ದು. ಸೀರೆಯ ಅಂಚಿಗೆ ಧೂಳು ಮೆತ್ತಿತ್ತು. "ಹಣೆಗೆ ಇಷ್ಟು ಹಚ್ತೇನೆ. ಸಣ್ಣದಿರುವಾಗ ಹೆದರಿದ್ರೆ ಅಮ್ಮ ಹಚ್ತಿದ್ರು, ನಿದ್ದೆ ಬರ್ತಿತ್ತು ಇವನಿಗೆ" ಎಂದರು. ನಾನು ಎದ್ದು ನಡುವೆ ನಿಂತೆ. ಬ್ಯಾಗಿನಿಂದ ಕಾಗದ ತೆಗೆದೆ.

"ಅಣ್ಣ ಬರೆಸಿದ್ದು ಅಕ್ಕ. ಯಾವುದೂ ಮಾಡಬಾರದು ಅಂತ ಉಂಟು."

"ಇದು ಪೂಜೆ ಅಲ್ಲ ಮಗಾ. ಗಂಧ."

"ಯಾವುದೇ ರೂಪದ್ದು ಅಂತ ಬರೆದದ್ದುಂಟು. ನೋಡಿ, ಅವರದ್ದೇ ಸಹಿ."

ಗಿರಿಜಕ್ಕನಿಗೆ ಓದಲು ಬಾರದು, ನಿಮ್ಮ ಸಹಿ ಮಾತ್ರ ಗೊತ್ತು. ಅದರ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಪೊಲೀಸರ ಎದುರು ನಿಂತವರ ಹಾಗೆ. ಎಲೆಯನ್ನು ಮತ್ತೆ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು, "ಆಯ್ತು, ನೀವು ಹೇಳಿದ ಹಾಗೆ" ಎಂದು ಹಿಂದಕ್ಕೆ ಸರಿದರು. ನನ್ನನ್ನು ಅವರು ಎಂದೂ ನೀವು ಎಂದು ಕರೆದವರಲ್ಲ.

ನೀವು ದಿಂಬಿನಿಂದ ತಲೆ ಎತ್ತಿದಿರಾ? ಅವರ ಕೈಯ ಕಡೆ ಹಣೆ ಚಾಚಿದಿರಾ? ಇಲ್ಲ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ. ಆದರೆ ಕಂಡಿದ್ದೆ ಶೀನಣ್ಣ. ನಿಮ್ಮ ಕಣ್ಣು ಬಾಗಿಲ ತನಕ ಆ ಸೆರಗಿನ ಗಂಟಿನ ಹಿಂದೆಯೇ ಹೋಯಿತು.

ಮರುದಿನ ಬೆಳಿಗ್ಗೆ ನೀವು ಹೋದಿರಿ. ಚಿತಾಗಾರದಲ್ಲಿ ನಾನೊಬ್ಬಳೇ ಗಟ್ಟಿ ಸ್ವರದಲ್ಲಿ ಮೂರು ಶರಣು ಹೇಳಿದೆ. ನಿಮ್ಮ ಜೊತೆ ಕೆಲಸ ಮಾಡಿದ ಒಬ್ಬರು ಇನ್ನೊಬ್ಬರಿಗೆ, "ಹುಡುಗಿಗೆ ಧೈರ್ಯ ಉಂಟು ಮಾರಾಯ" ಎಂದದ್ದು ಕಿವಿಗೆ ಬಿತ್ತು. ಎದೆಯುಬ್ಬಿತು. ಗಿರಿಜಕ್ಕ ಗೇಟಿನ ಹತ್ತಿರ, ಯಾರದೋ ಸ್ಕೂಟರನ್ನು ಹಿಡಿದು ನಿಂತಿದ್ದರು. ಮನೆಗೆ ಬಂದು ಮಮ್ಮಿಗೆ ಎಲ್ಲವನ್ನೂ ಹೇಳಿದೆ, ಆ ಸಾಲೊಂದನ್ನು ಬಿಟ್ಟು. ಶೀನಣ್ಣ ಹೆದರಿದ್ದರು ಎಂದಾಗ ಮಮ್ಮಿ ನನ್ನನ್ನು ದಿಟ್ಟಿಸಿ ನೋಡಿದರು. "ಎಲ್ಲರೂ ಹೆದರ್ತಾರೆ ಬಾಯೆ. ಫಾದರು ಹೆದರಿದ್ದನ್ನು ನೋಡಿದ್ದೇನೆ, ಡಾಕ್ಟರು ಹೆದರಿದ್ದನ್ನು ನೋಡಿದ್ದೇನೆ. ಆವಾಗ ಅವರಿಗೆ ಒಂದು ಕೈ ಬೇಕು, ಅಷ್ಟೇ. ನೀ ಎಂತ ಮಾಡಿದಿ?"

ಎಂತ ಮಾಡಿದೆ ನಾನು?

ಆಮೇಲೆ ನನ್ನಿಂದ ಧ್ಯಾನಕ್ಕೆ ಕೂರಲು ಆಗಲಿಲ್ಲ. ಐದು ತಿಂಗಳು. ಕಣ್ಣು ಮುಚ್ಚಿದರೆ ಉಸಿರು ಕಾಣುವುದಿಲ್ಲ, ಅಳಿಸಿದ ಆ ಸಾಲು ಕಾಣುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫೈಲು ಇನ್ನೂ ಇದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ತೆರೆದು ನನ್ನ ಗಟ್ಟಿ ಸಾಲನ್ನು ಓದುತ್ತಿದ್ದೆ. ಹೊಸ ಕರಪತ್ರ ಬರೆಯಲು ಹೊರಟರೆ ಮೊದಲ ವಾಕ್ಯಕ್ಕೇ ಕೈ ನಿಲ್ಲುತ್ತಿತ್ತು. ಒಬ್ಬ ಮುದುಕಿಯನ್ನು ಕಾಗದ ತೋರಿಸಿ ಹೆದರಿಸಿದವಳು ಯಾವ ಭಯವನ್ನು ಸುಡಲು ಜನರಿಗೆ ಹೇಳಬೇಕು? ನೀವು ಸಾಯುವಾಗ ಹೆದರಿದಿರಿ ಎಂದು ನಾನು ಶ್ರದ್ಧೆ ಕಳೆದುಕೊಂಡೆ ಎಂದು ತುಂಬಾ ದಿನ ನಂಬಿದ್ದೆ. ಹಾಗಲ್ಲ. ನಿಮ್ಮ ಹೆದರಿಕೆ ಪ್ರಾಮಾಣಿಕವಾಗಿತ್ತು, ನನ್ನ ಧೈರ್ಯ ಹಾಗಿರಲಿಲ್ಲ.

ಮಳೆಗಾಲದ, ಆಟಿ ತಿಂಗಳ, ಒಂದು ಸಂಜೆ ಕೂಳೂರಿನಲ್ಲಿ ಇಳಿದೆ. ಮನೆಯಿಂದ ಹೊರಟು ಎರಡು ಸಲ ಹಿಂದಿರುಗಿದ್ದೆ, ಅದು ಮೂರನೆಯ ಸಲ. ನಿಮ್ಮ ಗೇಟಿನ ಸದ್ದು ಕೇಳಿ ಗಿರಿಜಕ್ಕ ತಲೆಯೆತ್ತಿದರು. ಸಿಟೌಟಿನ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ ನೀರು ಇಟ್ಟಿದ್ದರು, ಅದರ ಪಕ್ಕ ಒಂದು ಚೂರು ಬೆಲ್ಲ. ನನ್ನನ್ನು ಕಂಡದ್ದೇ ಗಡಿಬಿಡಿಯಲ್ಲಿ ಲೋಟವನ್ನು ಎತ್ತಿ ಸೆರಗಿನ ಹಿಂದೆ ಅಡಗಿಸಿದರು. ನೀರು ಚೆಲ್ಲಿ ಸೀರೆಯೆಲ್ಲ ನೆನೆಯಿತು.

"ಎಂತ ಇಲ್ಲ, ಎಂತ ಮಾಡ್ಲಿಲ್ಲ ನಾನು. ಗಿಡಕ್ಕೆ ಹಾಕ್ಲಿಕ್ಕೆ ಇಟ್ಟದ್ದು" ಎಂದರು.

ನಿಮಗೆ ಇಟ್ಟ ನೀರು. ಸ್ವಂತ ತಮ್ಮನಿಗೆ ಒಂದು ಲೋಟ ನೀರಿಡಲು ಅವರು ನನಗೆ ಹೆದರುತ್ತಿದ್ದರು. ಅಲ್ಲಿಯೇ ಮೆಟ್ಟಲಿನಲ್ಲಿ ಕೂತು ಹೇಳಿದೆ. ಬೊಜ್ಜ ಬೇಡ ಎಂದದ್ದು ನೀವೇ, ಆದರೆ ಕೊನೆಯ ಸಾಲು ನಿಮ್ಮದಲ್ಲ, ನನ್ನದು. ನೀವು ಹೇಳಿದ ಸಾಲು ಬೇರೆ ಇತ್ತು, ಅದನ್ನು ನಾನು ಅಳಿಸಿದೆ. ಗಿರಿಜಕ್ಕ ಲೋಟವನ್ನು ಹಿಡಿದೇ ನಿಂತಿದ್ದರು.

"ಅವ ಎಂತ ಹೇಳಿದ್ದು? ನಿನ್ನ ಪುಸ್ತಕದ ಮಾತು ಬೇಡ. ಅವ ಹೇಳಿದ ಹಾಗೆಯೇ ಹೇಳು."

ಹೇಳಿದೆ. ಅಕ್ಕನಿಗೆ ಬೇಜಾರಾಗುದಾದ್ರೆ, ಅವಳಿಗೆ ಸಮಾಧಾನ ಆಗುವ ಹಾಗೆ ಎಂತ ಬೇಕಾದ್ರೂ ಮಾಡ್ಲಿ.

"ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದೆ. ಮೂರನೆಯ ಸಲವೂ ಹೇಳಿಸಿದರು.

"ನನ್ನ ಕೈ ಅವನಿಗೆ ಹೇಸಿಗೆ ಅಂತ ತಿಳ್ಕೊಂಡಿದ್ದೆ" ಎಂದರು ಗಿರಿಜಕ್ಕ. "ಐದು ತಿಂಗಳು. ಎತ್ತಿ ಆಡಿಸಿದ ತಮ್ಮ, ಅಕ್ಕನ ಕೈ ಬೇಡ ಅಂತ ಬರೆದಿಟ್ಟು ಹೋದ ಅಂತ. ಬಡಿಸಿದ್ರೆ ಅವನಿಗೆ ಸಿಟ್ಟು ಬರ್ತದೆ, ಬಡಿಸದಿದ್ರೆ ಹಸಿದು ಅಲೀತಾನೆ. ಯಾವುದಕ್ಕೆ ಹೆದರ್ಬೇಕು ಅಂತ ಗೊತ್ತಾಗದೆ..." ಮತ್ತೆ ಒಮ್ಮೆಲೇ ನನ್ನ ಮೇಲೆ ಏರಿ ಬಂದರು. "ನಿಂಗೆ ಯಾರು ಅಧಿಕಾರ ಕೊಟ್ಟದ್ದು? ಓದಿದವಳಂತೆ, ಓದಿದವಳು! ಓದ್ಲಿಕ್ಕೆ ಬಾರದವಳಿಗೆ ಕಾಗದ ತೋರಿಸ್ಲಿಕ್ಕೆ ನಾಚಿಕೆ ಆಗ್ಲಿಲ್ವಾ ನಿಂಗೆ?"

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕತ್ತಲಾಗುವ ತನಕ ಕೂತು, ಬಸ್ ಹಿಡಿದು ಮನೆಗೆ ಹೋದೆ. ಕ್ಷಮೆ ಸಿಗಲಿಲ್ಲ ಶೀನಣ್ಣ. ಕೇಳುವ ಧೈರ್ಯವೂ ಬಂದಿರಲಿಲ್ಲ.

ನಾಲ್ಕು ದಿನ ಕಳೆದು ಅಂಗಡಿಯ ಫೋನಿಗೆ ಅವರ ಕರೆ ಬಂತು. "ನಾಡಿದ್ದು ಅವನಿಗೆ ಬಡಿಸ್ತೇನೆ. ಅವ ಬಂದು ಉಣ್ಣುವ ತನಕ ಬಾಗಿಲು ಹಾಕಿ ಹೊರಗೆ ಕೂತ್ಕೊಳ್ಬೇಕು. ಒಬ್ಬಳೇ ಕೂತ್ಕೊಳ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ. ನೀನು ಬಾ." ಹೇಳಿದ್ದು ಅಷ್ಟೇ. ಆಟಿಯಲ್ಲಿ ಸತ್ತವರಿಗೆ ಬಡಿಸುವುದನ್ನು ನಾನು ಎಷ್ಟು ಕರಪತ್ರಗಳಲ್ಲಿ ಗೇಲಿ ಮಾಡಿದ್ದೇನೆ ಎಂದು ನಿಮಗೆ ಗೊತ್ತು. ಮಮ್ಮಿಗೆ ಹೇಳಿದರೆ, "ಹೋಗು. ಬಾಯಿ ಮಾತ್ರ ಮುಚ್ಚಿಕೊಂಡಿರು" ಎಂದರು.

ಹೋದೆ. ಗಿರಿಜಕ್ಕ ಬೆಳಗ್ಗಿನಿಂದ ಉಪವಾಸವಿದ್ದು ಅಡಿಗೆ ಮಾಡಿದ್ದರು. ಕುಚ್ಚಲಕ್ಕಿ ಅನ್ನ, ಬಸಳೆ ಗಸಿ, ಹುರುಳಿ ಸಾರು. ನಾನು ಕಾಯಿ ತುರಿದು ಕೊಟ್ಟೆ. "ಬಂಗುಡೆ ತರಬೇಕು ಅಂತ ಇದ್ದೆ" ಎಂದರು ಸಾರು ಕದಡುತ್ತಾ. "ಸಣ್ಣದಿರುವಾಗ ಬಂಗುಡೆ ಅಂದ್ರೆ ಜೀವ ಬಿಡ್ತಿದ್ದ. ಮೀನು ಬಿಟ್ಟು ಇಪ್ಪತ್ತು ವರ್ಷ ಆಯ್ತು. ಸತ್ತ ಮೇಲೂ ಬಿಡ್ಬೇಕಾ ಅಂತ ಯೋಚನೆ ಮಾಡಿದೆ." ನನ್ನ ಕಡೆ ನೋಡಿದರು. "ಮತ್ತೆ ಬೇಡ ಅಂತ ಕಂಡಿತು. ಅವ ಬೇಡ ಅಂತ ಬಿಟ್ಟದ್ದನ್ನು ನಾನೆಂತಕ್ಕೆ ಬಡಿಸುದು?" ಯಾವ ಕಾಗದವೂ ಇಲ್ಲದೆ ಅವರು ನಿಮ್ಮ ಶೀಲವನ್ನು ಕಾಪಾಡಿದರು. ನಾನು ಸಹಿ ಹಾಕಿಸಿಕೊಂಡೂ ಕಾಪಾಡಲಿಲ್ಲ.

ಮುಸ್ಸಂಜೆಗೆ ನಿಮ್ಮ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ದೀಪ ಇಟ್ಟು, ಬಾಗಿಲೆಳೆದು ಬಂದು ನನ್ನ ಪಕ್ಕ ನೆಲದಲ್ಲಿ ಕೂತರು. ಹೊರಗೆ ಮಳೆ ಹನಿಯುತ್ತಿತ್ತು. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

"ಬಂದಿರಬಹುದಾ?" ಪಿಸುಮಾತಿನಲ್ಲಿ ಕೇಳಿದರು.

ಹೌದು ಎಂದರೆ ಸುಳ್ಳು. ಇಲ್ಲ ಎನ್ನಲು ಈ ಸಲ ಬಾಯಿ ಬರಲಿಲ್ಲ. "ನಂಗೆ ಗೊತ್ತಿಲ್ಲ ಅಕ್ಕ. ನಾನು ಇದ್ದೇನೆ" ಎಂದೆ.

"ನೀ ಇರುದು ಕಾಣ್ತದೆ. ಅವನ ವಿಷಯ ಕೇಳಿದ್ದು ನಾನು." ನನ್ನ ಕಡೆ ವಾಲಿ, "ನಿಂಗೆ ಹೆದರಿಕೆ ಆಗ್ತದಾ?" ಎಂದರು.

"ಆಗ್ತದೆ."

"ಅವ ಬರ್ತಾನೆ ಅಂತಲಾ?"

"ಬರುವುದಿಲ್ಲ ಅಂತ."

ಅದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಅಳು ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಚಿತಾಗಾರದಲ್ಲಿ ಅತ್ತಿರಲಿಲ್ಲ. ಗಿರಿಜಕ್ಕ ನನ್ನ ಕೈಯನ್ನು ಎಳೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತರು. ಹೊತ್ತಾದ ಮೇಲೆ, "ತೆಗಿ" ಎಂದರು. "ನೀನೇ ತೆಗಿ."

ತೆಗೆದೆ. ಒಳಗೆ ನೀವಿರಲಿಲ್ಲ ಶೀನಣ್ಣ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಮೂಲೆಯ ತನಕ ನೋಡಿದೆ. ಮಂಚ, ಮಡಚಿದ ಹೊದಿಕೆ, ಉರಿಯುವ ದೀಪ, ಬಡಿಸಿದ ಹಾಗೆಯೇ ಇರುವ ಎಲೆ. ನೀವು ಹೋಗಿದ್ದೀರಿ ಎಂದು ನನಗೆ ನಿಜವಾಗಿ ಗೊತ್ತಾದದ್ದು ಆ ಕ್ಷಣದಲ್ಲಿ.

ಗಿರಿಜಕ್ಕ ನನ್ನನ್ನು ದಾಟಿ ಹೋಗಿ ಎಲೆಯ ಮುಂದೆ ಬಗ್ಗಿ ತುಂಬಾ ಹೊತ್ತು ನೋಡಿದರು. "ಉಂಡಿದ್ದಾನೆ" ಎಂದರು. ಮತ್ತೆ ತಿರುಗಿ ನನ್ನ ಮುಖ ನೋಡಿದರು. ಇವಳು ಈಗ ಏನೆನ್ನುತ್ತಾಳೋ ಎಂಬ ಅಂಜಿಕೆ ಆ ನೋಟದಲ್ಲಿರಲಿಲ್ಲ. ನಿಮಗೆ ತಿಳಿಸಬೇಕಾದ ಸುದ್ದಿ ಇದೊಂದೇ.

ನಿಮ್ಮ
ಲವೀನಾ